ಹುಡುಗೂರಿಗೆ ಗೇಮ್ ಆಡಾಕ ಏನ್ ಕೊಡಸೂದು: ಫೋನೋ, ಕನ್ಸೋಲೋ, ಪಿಸಿನೋ, ಪಾರ್ಲರೋ?

ಹುಬ್ಬಳ್ಳಿ ಕೊಪ್ಪಿಕರ್ ರೋಡಿನ ಹಂತೇಕ ನಂದು ಕಂಪ್ಯೂಟರ್ ರಿಪೇರಿ ಅಂಗಡಿ. ಪರೀಕ್ಷಾ ಮುಗದು ಸೂಟಿ ಬಿತ್ತಂದ್ರ ರಿಪೇರಿ ಬಿಟ್ಟು ಒಂದ ಪ್ರಶ್ನೆ ಹಿಡ್ಕೊಂಡ ಬರೋ ಮಂದೀನ ಹೆಚ್ಚು. "ಅಣ್ಣಾರ, ಹುಡುಗ ದಿನಾ ಗೇಮ್ ಗೇಮ್ ಅಂತಾನ, ನನ್ನ ಫೋನ್ ನನ್ನ ಕೈಗೆ ಸಿಗವಲ್ದು, ಅವಗ ಬ್ಯಾರೆ ಫೋನ್ ಕೊಡಸ್ಲೋ, ಆ ಟಿವಿಗೆ ಹಚ್ಚತಾರಲ್ಲ ಅದನ್ನ ಕೊಡಸ್ಲೋ, ಇಲ್ಲಾ ಕಂಪ್ಯೂಟರೋ?" ಇದು ಗಿರಾಕಿ ನಿಂತಲ್ಲೇ ಐದು ನಿಮಿಷದಾಗ ಹೇಳಿ ಕಳಸೂ ಮಾತಲ್ಲ, ಅದಕ್ಕ ಎಲ್ಲಾ ಒಂದ ಕಡೆ ಬರದಿಡಾಕತ್ತೀನಿ. ಗೇಮೇ ಬ್ಯಾಡ ಅನ್ನೋ ಪೈಕಿ ನಾನಲ್ಲ. ಆದ್ರ ಯಾವ ಗೇಮು, ಯಾವುದರ ಮ್ಯಾಲ, ಮನ್ಯಾಗ ಎಲ್ಲಿ ಕುಂತು ಆಡ್ತಾರ ಅನ್ನೋದರ ಮ್ಯಾಲ ಹುಡುಗ ಬ್ಯಾರೇನ ಆಗ್ತಾನ, ಇದನ್ನ ನಾ ನಮ್ಮ ಮನ್ಯಾಗ ಕಣ್ಣಾರೆ ನೋಡೀನಿ.

ಗದಗ ಬೆಟಗೇರ್ಯಾಗ ನಮ್ಮ ಅಕ್ಕನ ಮನಿ. ಅಳಿಯಗ ಆಗ 12 ವರ್ಷ. ಅಕ್ಕನ ಫೋನಿನ್ಯಾಗ ಒಂದು ಗುಂಡು ಹಾರ್ಸೋ ಗೇಮು, ಪುಕಟ, ಡೌನ್‌ಲೋಡ್ ಮಾಡಾಕ ಒಂದ್ ಪೈಸಾ ಇಲ್ಲ. ಒಂದಿನ ಅಕ್ಕ ಫೋನ್ ಮಾಡಿ ಖಾತೆದಾಗ ರೊಕ್ಕ ಕಮ್ಮಿ ಕಾಣಾಕತ್ತೈತಿ ಅಂದ್ಲು, ನಾ ಹೋಗಿ ಬ್ಯಾಂಕ್ ಸ್ಟೇಟ್‌ಮೆಂಟ್ ತಗದ್ರ 80 ರೂಪಾಯಿ, 160, ಮತ್ತ 80, ಒಂದ ಸಂಜಿಗೆ 400 ಹಿಂಗ ಎರಡು ತಿಂಗಳದಾಗ 11 ಸಾವಿರದ ಮ್ಯಾಲ ಹೋಗಿತ್ತು. ಅಕ್ಕ ಕಿರಾಣಿ ಅಂಗಡ್ಯಾಗ ಸ್ಕ್ಯಾನ್ ಮಾಡುವಾಗ ಅವ ಬಾಜೂಕ ನಿಂತು ಬೆರಳು ಯಾವ ಅಂಕಿ ಮ್ಯಾಲ ಹೋಗ್ತಾವ ಅಂತ ನೋಡಿ ಪಿನ್ ಕಲ್ತಿದ್ದ. ನಾ ಬೈಲಿಲ್ಲ, ಹೊರಗ ಕಟ್ಟಿ ಮ್ಯಾಲ ಕುಂದ್ರಿಸಿಕೊಂಡು ಯಾಕೋ ತಮ್ಮಾ ಅಂತ ಕೇಳಿದೆ. ಕಾಲ್ಬೆರಳಿಂದ ಪರಸಿಕಲ್ಲು ಕೆರಕೋಂತ ಕುಂತಾಂವ ಭಾಳ ಹೊತ್ತಿನ ಮ್ಯಾಲ ಅಂದ, "ಮಾಮಾ, ಎಲ್ಲಾರ ಕಡೆ ಸ್ಕಿನ್ ಐತಿ, ನಂದೊಂದ ಪುಕಟ ಡ್ರೆಸ್, ಎಲ್ಲಾರೂ ನನ್ನ ಬಾಟ್ ಬಾಟ್ ಅಂತಿದ್ರು."

ಸ್ಕಿನ್ ಅಂದ್ರ ಗೇಮಿನ್ಯಾಗ ಆಟಗಾರಗ ಹಾಕೋ ಡ್ರೆಸ್ಸು, ಬಾಟ್ ಅಂದ್ರ ಆಡಾಕ ಬರದಾಂವ ಅಂತ ಹೀಯಾಳಸೂದು. ಅವ ಗೆಲ್ಲಾಕ ರೊಕ್ಕ ಹಾಕಿದ್ದಲ್ಲ. ಗೆಳೆಯಾರ ಮುಂದ ಬಡವ ಆಗಿ ಕಾಣಬಾರದು ಅಂತ ಹಾಕಿದ್ದ. ಆ ಮ್ಯಾಲ ನಾ ಗಿರಾಕಿಗೆ ಸಲಹಾ ಕೊಡೋ ರೀತೀನ ಬದಲಾತು.

ಮೊದ್ಲ ಏನೇನ್ ನೋಡ್ಬೇಕು

ಡಬ್ಬಿ ಮ್ಯಾಲಿನ ರೇಟು ನೋಡಿ ನಿರ್ಧಾರ ಮಾಡಬ್ಯಾಡ್ರಿ, ಮೂರು ವರ್ಷದ ಲೆಕ್ಕ ಹಾಕ್ರಿ: ಸಾಮಾನು, ರಿಚಾರ್ಜ್, ಗೇಮಿನ ಖರ್ಚು, ಎಲ್ಲಾ ಕೂಡಿಸಿ. ಎರಡನೇದು, ಆ ಗೇಮ್ ಮುಗೀತೈತೋ ಇಲ್ಲೋ. ಒಂದ್ಸಲ ರೊಕ್ಕ ಕೊಟ್ಟು ತಗೊಂಡ ಗೇಮಿಗೆ ಕಥಿ ಇರ್ತೈತಿ, ಕೊನಿ ಇರ್ತೈತಿ, ಮುಗದ ಮ್ಯಾಲ ಹುಡುಗ ತಾನ ಏಳ್ತಾನ. ಪುಕಟ ಗೇಮಿಗೆ ಕೊನಿ ಇಲ್ಲ, ಇರಬಾರದು ಅಂತಾನ ಮಾಡಿರ್ತಾರ. ದಿನಾ ಲಾಗಿನ್ ಆದ್ರ ಇನಾಮು, ಒಂದಿನ ತಪ್ಪಿದ್ರ ಸರಪಳಿ ಕಡೀತು, ಸೀಸನ್ ಮುಗಿಯಾಕ 3 ದಿನ ಬಾಕಿ, ಲಕ್ಕಿ ಸ್ಪಿನ್ ಒಮ್ಮೆ ತಿರಗಸು ಅಂತ ಎಳೀತಿರ್ತಾವ. ಈ ಲಕ್ಕಿ ಸ್ಪಿನ್, ಲೂಟ್ ಬಾಕ್ಸ್ ಅಂತಾರಲ್ಲ, ಒಳಗೇನೈತಿ ಅಂತ ಗೊತ್ತಿಲ್ದ ರೊಕ್ಕ ಕೊಟ್ಟು ತಗಿಯೂದು, ಅದನ್ನ ಬೆಲ್ಜಿಯಂ ದೇಶ 2018ರಾಗ ಜೂಜಿನ ಲೆಕ್ಕಕ್ಕ ಸೇರಿಸ್ತು. ನಮ್ಮಲ್ಲೆ 10 ವರ್ಷದ ಹುಡುಗೂರು ಅದನ್ನ ಸಂಜಿಕ್ಕ ತಿರಗಿಸ್ಕೋಂತ ಕುಂದರ್ತಾವ.

ಮೂರನೇದು, ಸ್ಕ್ರೀನ್ ಎಲ್ಲಿ ಇರ್ತೈತಿ, ಪಡಸಾಲ್ಯಾಗೋ, ಹಾಸಿಗ್ಯಾಗೋ. ನಾಕನೇದು, ಯಾರ ಜೋಡಿ ಆಡ್ತಾರ, ತಂಗಿ ಗೆಳೆಯಾರ ಜೋಡಿನೋ, ಮೈಕ್ ಹಚ್ಚಿಕೊಂಡು ಮುಖಾ ಕಾಣದವರ ಜೋಡಿನೋ. ಕೊನೀದು, ಲಾಕ್ ಹಾಕೂದು ನಿಮಗ ಬರ್ತೈತೋ ಇಲ್ಲೋ. ಮನ್ಯಾಗ ಹುಡುಗ ಒಬ್ಬಗ ಸೆಟ್ಟಿಂಗ್ ಗೊತ್ತಿದ್ರ ಆ ಲಾಕ್ ಅವಂದ, ನಿಮ್ದಲ್ಲ.

ಅವ್ವನ ಫೋನು, ಹುಡುಗನ ಫೋನು

ಭಾಳ ಮಂದಿ ಇದನ್ನ ಆರಿಸ್ಕೊಂತಾರ, ಅಗ್ಗ ಅಂತ. ಲೆಕ್ಕ ನೋಡ್ರಿ. ಫೋನು 12 ಸಾವಿರ ಹಿಡೀರಿ. 28 ದಿನದ ಪ್ಯಾಕು 300 ರೂಪಾಯಿ ಅಂದ್ರ ವರ್ಷಕ್ಕ 13 ಸಲ, 3,900. ಮೂರು ವರ್ಷಕ್ಕ 11,700. ಒಟ್ಟು 23,700 ಆತು, ಇದರಾಗ ಗೇಮಿನೊಳಗ ಕೊಳ್ಳೋ ಸ್ಕಿನ್ನು, ಪಾಸು, ಡೈಮಂಡು ಒಂದೂ ಸೇರಿಲ್ಲ, ಸ್ಕ್ರೀನ್ ಒಡದ್ರ ಅದೂ ಬ್ಯಾರೆ. ಈ ಆಕಡಾ ನೆನಪಿಡ್ರಿ, ಮುಂದ ಕೆಲಸಕ್ಕ ಬರ್ತೈತಿ.

ಫೋನಿನ ದೊಡ್ಡ ಕಷ್ಟ ಅಂದ್ರ ಅದು ಹುಡುಗನ ಜೋಡಿ ಎಲ್ಲಾ ಕಡೆ ಹೋಗ್ತೈತಿ, ಚಾದರದೊಳಗೂ ಹೋಗ್ತೈತಿ. ಇನ್ನೊಂದು, ಗೇಮ್ ಸಾಕಾಗಿ ಬಂದ್ ಮಾಡಿದ್ರೂ ಬಾಜೂಕ ರೀಲ್ಸು, ಶಾರ್ಟ್ಸು ಕಾಯ್ಕೊಂಡ ಕುಂತಿರ್ತಾವ. ನನ್ನ ಕಡೆ ಬರೋ ಎಷ್ಟೋ ಹುಡುಗೂರು ಆಡೂದಕ್ಕಿಂತ ಬ್ಯಾರೆಯವರು ಆಡೂದನ್ನ ನೋಡೂದ ಹೆಚ್ಚು, ಅದರಾಗ ಬೈಗುಳ ಎಷ್ಟಿರ್ತಾವ ಅಂದ್ರ ತಾಯಂದ್ರು ಒಮ್ಮೆ ಹೆಡ್‌ಫೋನ್ ಕಿತ್ತು ಸ್ಪೀಕರ್‌ನ್ಯಾಗ ಹಚ್ಚಿ ಕೇಳಬೇಕು.

ಆದ್ರೂ ಕೈಯಾಗ ರೊಕ್ಕ ಇಲ್ಲ, ಇದ್ದ ಫೋನಿನ್ಯಾಗ ನಡಸಬೇಕು ಅನ್ನೋ ಮನಿ ಭಾಳ ಅದಾವ, ಅವರಿಗೂ ದಾರಿ ಐತಿ. ಯುಪಿಐ ಇರೋ ಫೋನನ್ನ ಹುಡುಗನ ಕೈಯಾಗ ಕೊಡಬ್ಯಾಡ್ರಿ, ಇದೊಂದ ಮಾತು ಮೊದ್ಲ ನಡಸ್ರಿ. ಮನ್ಯಾಗಿನ ಹಳೇ ಫೋನಿನ ಸಿಮ್ ತಗದು ವೈಫೈ ಇಲ್ಲಾ ನಿಮ್ಮ ಹಾಟ್‌ಸ್ಪಾಟ್ ಮ್ಯಾಲ ಕೊಡ್ರಿ, ನೀವು ಹಾಟ್‌ಸ್ಪಾಟ್ ಬಂದ್ ಮಾಡಿದ್ರ ನೆಟ್ಟಿನ ಗೇಮೂ ಬಂದ್. ಅದರಾಗ ಹುಡುಗನ ಹೆಸರಿಲೆ ಬ್ಯಾರೆ ಅಕೌಂಟ್ ಮಾಡಿ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕ್ರಿ: ದಿನಕ್ಕ ಎಷ್ಟು ತಾಸು, ರಾತ್ರಿ ಎಷ್ಟಕ್ಕ ಲಾಕ್, ಯಾವ ಆ್ಯಪ್ ಹಾಕ್ಬಹುದು, ಎಲ್ಲಾ ನಿಮ್ಮ ಫೋನಿನಿಂದ ನಡೀತೈತಿ. ಆದ್ರ ಇದರ ಖರೀದಿ ಲಾಕ್ ಪ್ಲೇ ಸ್ಟೋರ್ ಮುಖಾಂತರ ಹೋಗೋ ರೊಕ್ಕಕ್ಕ ಅಷ್ಟ, ಹೊರಗಿನ ವೆಬ್‌ಸೈಟ್‌ನ್ಯಾಗ ಟಾಪ್-ಅಪ್ ಮಾಡಿದ್ರ ಇದು ತಡೀಯಂಗಿಲ್ಲ. ಹುಟ್ಟಿದ ಹಬ್ಬಕ್ಕೋ ದೀಪಾವಳಿಗೋ ಗೇಮಿಗೆ ರೊಕ್ಕ ಬೇಕ ಅಂತ ಹಠಾ ಹಿಡದ್ರ ಪ್ಲೇ ಸ್ಟೋರ್ ಗಿಫ್ಟ್ ಕೋಡ್ ತಂದ್ ಕೊಡ್ರಿ, ಕೋಡಿನ್ಯಾಗ ಎಷ್ಟೈತೋ ಅಷ್ಟ ಖರ್ಚು, ಬ್ಯಾಂಕಿಗೆ ದಾರಿ ಇಲ್ಲ.

ಆಡೂದು ಏನು ಅನ್ನೋದೂ ಐತಿ. 2024ರ ಡಿಸೆಂಬರ್‌ನ್ಯಾಗ ಗುಕೇಶ್ 18ನೇ ವಯಸ್ಸಿಗೆ ಚೆಸ್ ವಿಶ್ವ ಚಾಂಪಿಯನ್ ಆದ ಮ್ಯಾಲ ಚೆಸ್ ಕೇಳೋ ಹುಡುಗೂರು ಹೆಚ್ಚಾಗ್ಯಾರ, ಅವರಿಗೆ ನಾ ಲಿಚೆಸ್ ಅನ್ನೋ ಚೆಸ್ ಆ್ಯಪ್ ಹಾಕಿ ಕೊಡ್ತೀನಿ. ಪೂರಾ ಪುಕಟ, ಜಾಹೀರಾತಿಲ್ಲ, ಕಿಡ್ ಮೋಡ್ ಹಾಕಿದ್ರ ಅಪರಿಚಿತರ ಚಾಟೂ ಬಂದ್. ಪುಕಟದಾಗ ಹಿಂಗ ಒಳ್ಳೇದೂ ಇರ್ತೈತಿ, ಹುಡಕಬೇಕಷ್ಟ. ಟ್ಯಾಬ್ ಬಗ್ಗೆ ಬ್ಯಾರೆ ಹೇಳೂದಿಲ್ಲ, ದೊಡ್ಡ ಫೋನು ಅಂತ ತಿಳೀರಿ, ಕಣ್ಣಿಗೆ ಸ್ವಲ್ಪ ಹಗೂರ.

ಟಿವಿಗೆ ಹಚ್ಚೋ ಕನ್ಸೋಲ್

ಇದು ದುಬಾರಿ ಅಂತ ಕೇಳಾಕ ಬಂದವರು ಹೆಸರು ಕೇಳೇ ಹಿಂದ ಸರೀತಾರ. ಹೊಸಾದು ಖರೇನ ದುಬಾರಿ: ಡಿಸ್ಕ್ ಹಾಕೋ ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5) 50 ಸಾವಿರದ ಮ್ಯಾಲ, ಹೊಸಾ ದೊಡ್ಡ ಗೇಮ್ ಒಂದಕ್ಕ 5 ಸಾವಿರದವರೆಗೂ ಹೋಗ್ತೈತಿ. ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಅಂತ ಬರ್ತೈತಿ, ಅದು ಕಡಿಮಿ, 2020ರಾಗ ಬಂದಾಗ 34,990 ಇತ್ತು, ಆದ್ರ ಅದರಾಗ ಡಿಸ್ಕ್ ಹಾಕಾಕ ಬರಂಗಿಲ್ಲ. ಇದು ಸಣ್ಣ ಮಾತಲ್ಲ. ಡಿಸ್ಕ್ ಇದ್ರ ಒಂದು ಗೇಮ್ ಆಡಿ ಮುಗಿಸಿ ಮಾರಬಹುದು, ಗೆಳೆಯನ ಜೋಡಿ ಅದಲಿ ಬದಲಿ ಮಾಡಬಹುದು, ಸೆಕೆಂಡ್ ಹ್ಯಾಂಡ್ ಅರ್ಧಾ ರೇಟಿಗೆ ತಗೋಬಹುದು. ಡಿಸ್ಕ್ ಇಲ್ಲಾಂದ್ರ ಅವರ ಸ್ಟೋರಿನ ರೇಟ ರೇಟು, ಮ್ಯಾಲ ಒಂದೊಂದು ಗೇಮು 50ರಿಂದ 100 ಜಿಬಿ ಡೌನ್‌ಲೋಡ್, ಫೈಬರ್ ಇಲ್ಲದ ಮನ್ಯಾಗ, ದಿನಾ ಒಂದೂವರಿ ಜಿಬಿ ಸಿಗೋ ಮೊಬೈಲ್ ಪ್ಯಾಕಿನ್ಯಾಗ ಅದು ಆಗೋ ಕೆಲಸಲ್ಲ. ಹುಬ್ಬಳ್ಳಿ ಧಾರವಾಡದಾಗ ಫೈಬರ್ ಸಿಗ್ತೈತಿ, ಶಿಗ್ಗಾವಿ, ರೋಣದ ಕಡೆ ಹಳ್ಳ್ಯಾಗ ಇರೋರು ಇದನ್ನ ವಿಚಾರ ಮಾಡಿ ತಗೋರಿ. ನಿಂಟೆಂಡೊ ಸ್ವಿಚ್ ಸಣ್ಣ ಹುಡುಗೂರಿಗೆ ಭಾಳ ಚೊಲೋ, ಆದ್ರ ಕಂಪನಿಯವರು ಅದನ್ನ ಭಾರತದಾಗ ಅಧಿಕೃತವಾಗಿ ಮಾರಂಗಿಲ್ಲ, ಹೊರಗಿಂದ ತರಿಸಿದವರ ಕಡೆ ಸಿಗ್ತೈತಿ, ಕೆಟ್ರ ಮಾರಿದಾಂವನ ಗ್ಯಾರಂಟಿ.

ನಮ್ಮ ಅಕ್ಕನ ಮನಿಗೆ ನಾ ಕೊಡಿಸಿದ್ದು ಇದ್ಯಾವ್ದೂ ಅಲ್ಲ, ಸೆಕೆಂಡ್ ಹ್ಯಾಂಡ್ ಪಿಎಸ್4, 18 ಸಾವಿರಕ್ಕ, ಎರಡು ರಿಮೋಟ್ ಕೂಡಿಸಿ. ಒಂದೊಂದು ಸಾವಿರದ ಹಂಗ ಆರು ಹಳೇ ಡಿಸ್ಕ್ ಹಿಡದ್ರ 24 ಸಾವಿರ. ಮ್ಯಾಲ ಹೇಳಿದ ಫೋನಿನ ಆಕಡಾ ನೋಡ್ರಿ, 23,700. ಒಂದ ಮಾತಾತಲ್ಲ? ಅದು ಹಳೇ ಮಷೀನು, 2013ರಾಗ ಬಂದದ್ದು, ಹೊಸಾ ಗೇಮ್ ಇನ್ನ ಅದಕ್ಕ ಕಡಿಮಿ ಆಗ್ತಾವ, ಇದು ಗೊತ್ತಿದ್ದ ತಗೋಬೇಕು. ಆದ್ರ ಇದ್ದ ಗೇಮುಗಳನ್ನ ಒಬ್ಬ ಹುಡುಗ ಮೂರು ವರ್ಷದಾಗ ಮುಗಸೂದಿಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಅರ್ಧಾ ತಾಸು ಹಚ್ಚಿ ನೋಡ್ರಿ, ಫ್ಯಾನ್ ವಿಮಾನದಂಗ ಒದರಿದ್ರ ಒಳಗ ಧೂಳು ತುಂಬೇತಿ ಅಂತ ಅರ್ಥ, ಡಿಸ್ಕ್ ಒಳಗ ತಗೊಂಡು ಹೊರಗ ಕೊಡ್ತೈತೋ ನೋಡ್ರಿ, ರಿಮೋಟಿನ ಸ್ಟಿಕ್ ಬಿಟ್ಟರೂ ಆಟಗಾರ ತಾನ ನಡಕೋಂತ ಹೋದ್ರ ಆ ಸ್ಟಿಕ್ ಸವದೈತಿ, ರೇಟು ಇಳಿಸಿ ಮಾತಾಡ್ರಿ.

ಬೆಟಗೇರ್ಯಾಗ ಏನಾತು ಅಂದ್ರ, ಟಿವಿ ಪಡಸಾಲ್ಯಾಗ, ಅಲ್ಲೇ ಅಜ್ಜಿ ಕುಂದರ್ತಾಳ, ಅಲ್ಲೇ ಅಕ್ಕ ಕಾಯಿಪಲ್ಲೆ ಸೋಸ್ತಾಳ. ಕ್ರಿಕೆಟ್ ಗೇಮ್ ಹಚ್ಚಿದ್ರ ಔಟ್ ಆದಾಗೆಲ್ಲಾ ಅಜ್ಜಿ ಅಯ್ಯ ಅಂತಾಳ, ರವಿವಾರ ಭಾವಾರೂ ಒಂದು ರಿಮೋಟ್ ಹಿಡ್ಕೊಂಡು ಕುಂದರ್ತಾರ. ಏಳು ಗಂಟೆಗೆ ಧಾರಾವಾಹಿ ಶುರು, ಟಿವಿ ಅಜ್ಜೀದು. ಗಡಿಯಾರ ತೋರ್ಸಿ ಜಗಳಾಡೋ ಕೆಲಸ ಇಲ್ಲ, ಮನೀನ ಟೈಮ್ ಹೇಳ್ತೈತಿ. ಕನ್ಸೋಲಿನ್ಯಾಗ ಹುಡುಗನ ಅಕೌಂಟ್ ಬ್ಯಾರೆ ಮಾಡಿ ತಿಂಗಳ ಖರ್ಚಿನ ಮಿತಿ ಸೊನ್ನೆ ಇಟ್ಟೀವಿ, ವಯಸ್ಸಿನ ಮಿತೀನೂ ಹಾಕೀವಿ. ಡಿಸ್ಕ್ ಡಬ್ಬಿ ಮ್ಯಾಲ 3, 7, 12, 16, 18 ಅಂತ ಅಂಕಿ ಇರ್ತಾವ, ಅದು ವಯಸ್ಸಿನ ಗುರ್ತು, ಎಷ್ಟು ಕಷ್ಟದ ಆಟ ಅಂತ ಅಲ್ಲ, 18 ಬರದದ್ದನ್ನ 11ರ ಹುಡುಗಗ "ಶಾಣ್ಯಾ ಅದಾನ ಆಡ್ತಾನ" ಅಂತ ಕೊಡಸಬ್ಯಾಡ್ರಿ. ಆ ಹಳೇ ಗುಂಡಿನ ಗೇಮ್ ಅವ ಪೂರ್ತಿ ಬಿಟ್ಟಾನ ಅಂತ ನಾ ಹೇಳಂಗಿಲ್ಲ, ಗೆಳೆಯಾರ ಫೋನಿನ್ಯಾಗ ಒಮ್ಮೊಮ್ಮೆ ಆಡ್ತಾನ. ಮನ್ಯಾಗ ಸುಳ್ಳು ಹೇಳೂದು ನಿಂತೈತಿ.

ಕನ್ಸೋಲಿನ ಕೊರತೀನೂ ಹೇಳಬೇಕು. ಓದಿಗೆ ಇದರಿಂದ ಏನೂ ಉಪಯೋಗ ಇಲ್ಲ. ಒಂದ ಟಿವಿ ಇದ್ದ ಮನ್ಯಾಗ ಜಗಳ ಖರೇ. ಮತ್ತ ಕನ್ಸೋಲ್ ತಂದು ಹುಡುಗನ ಖೋಲ್ಯಾಗ ಬ್ಯಾರೆ ಟಿವಿ ಹಾಕಿ ಕೊಟ್ರ ನಾ ಮ್ಯಾಲ ಹೇಳಿದ್ದೆಲ್ಲಾ ನೀರಾಗ ಹೋಮಾ ಮಾಡಿದಂಗ, ಅದರ ಬದಲಿ ಫೋನ ಕೊಡಸ್ರಿ, ರೊಕ್ಕಾರ ಉಳೀತಾವ.

ದುರ್ಗದಬೈಲಿನ್ಯಾಗ ಟಿವಿಗೆ ಹಚ್ಚೋ ಗೇಮ್ ಸ್ಟಿಕ್ ಸಾವಿರ, ಎರಡು ಸಾವಿರಕ್ಕ ಸಿಗ್ತಾವಲ್ಲ, ಸಾವಿರಾರು ಗೇಮ್ ಅಂತ ಬರದಿರ್ತಾರ, ಎಲ್ಲಾ ನಕಲಿ ಹಾಕಿದ್ದ, ಅದ ಅದ ಗೇಮು ನಾಕ್ ಸಲ. ಆದ್ರೂ 6-7 ವರ್ಷದ ಹುಡುಗೂರಿಗೆ ಒಂದು ಸೂಟಿ ಕಳೀತೈತಿ, ನೆಟ್ಟಿಲ್ಲ, ಚಾಟಿಲ್ಲ. ಅದಕ್ಕಿಂತ ಹೆಚ್ಚಿನ ನಿರೀಕ್ಷೆ ಇಡಬ್ಯಾಡ್ರಿ.

ಪಿಸಿ

ಹುಡುಗೂರಿಗೆ 12-13 ದಾಟಿದ್ರ, ಓದಿಗೂ ಬೇಕು ಆಟಕ್ಕೂ ಬೇಕು ಅಂದ್ರ, ನಂದು ಮೊದ್ಲನೇ ಸಲಹಾ ಇದ. ಆದ್ರ ಇದರಾಗ ಮೋಸ ಹೋಗೋದು ಭಾಳ. ಕಂಪನಿ ಆಫೀಸಿನಿಂದ ಬಂದ ಹಳೇ ಡೆಸ್ಕ್‌ಟಾಪ್ 8-10 ಸಾವಿರಕ್ಕ ಸಿಕ್ತು, ಐ5 ಐತಿ ಅಂತ ಖುಷಿಲೆ ತರ್ತಾರ. ಐ5 ಅನ್ನೋದು ಇಂಟೆಲ್ ಪ್ರೊಸೆಸರಿನ ಹೆಸರು, ಅಷ್ಟ ಸಾಲದು, ಯಾವ ಜನರೇಷನ್, ಅಂದ್ರ ಎಷ್ಟು ಹೊಸಾದು ಅಂತ ಕೇಳ್ರಿ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದೈತಿ, ವಿಂಡೋಸ್ 11 ಅಧಿಕೃತವಾಗಿ ನಡೀಬೇಕಂದ್ರ ಇಂಟೆಲ್ 8ನೇ ಜನರೇಷನ್ ಇಲ್ಲಾ ಅದರ ಮುಂದಿಂದು ಬೇಕು. 4ನೇ ಜನರೇಷನ್ ಮಷೀನು ಅಗ್ಗ ಯಾಕ ಐತಿ ಅಂತ ಈಗ ಗೊತ್ತಾತಲ್ಲ. 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ, ಮಾನಿಟರ್ ಸಹಿತ 18ರಿಂದ 25 ಸಾವಿರದಾಗ ನೋಡ್ರಿ, 2025ರ ಕೊನಿಗೆ ರ್‍ಯಾಮ್ ರೇಟು ಜಿಗದೈತಿ, ಅದಕ್ಕ ಆಮ್ಯಾಲ ಹಾಕ್ಸಿದ್ರಾತು ಅನ್ನೂದಕ್ಕಿಂತ ಮೊದ್ಲ ಹಾಕಿದ್ದ ತಗೋರಿ. ಕರೆಂಟ್ ಹೋಗೋ ಊರಾದ್ರ ಯುಪಿಎಸ್‌ಗೆ ಇನ್ನೊಂದು 3 ಸಾವಿರ ತಗದಿಡ್ರಿ.

ಇಂಥಾ ಮಷೀನಿನ್ಯಾಗ ಮೈನ್‌ಕ್ರಾಫ್ಟ್, ಹಳೇ ಗೇಮು, ಚೆಸ್ ಎಲ್ಲಾ ನಡೀತೈತಿ. ಹೊಸಾ ಭಾರೀ ಗೇಮಿಗೆ ಗ್ರಾಫಿಕ್ಸ್ ಕಾರ್ಡ್ ಬೇಕು, ಆಗ ಬಜೆಟ್ 50-60 ಸಾವಿರ ದಾಟ್ತೈತಿ, ಅಷ್ಟು ಬರೇ ಆಟಕ್ಕ ಹಾಕೂದಾದ್ರ ಕನ್ಸೋಲ ಚೊಲೋ. ಗೇಮ್ ರೇಟಿನ್ಯಾಗ ಮಾತ್ರ ಪಿಸಿ ಗೆಲ್ತೈತಿ: ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡ್ಯಾಗ ರೂಪಾಯಿ ರೇಟು, ಬ್ಯಾಸಗಿ ಚಳಿಗಾಲದ ಸೇಲ್‌ನ್ಯಾಗ ಭಾಳ ಇಳೀತಾವ, ಹಿಡಸಲಿಲ್ಲಾಂದ್ರ 14 ದಿನದೊಳಗ, ಎರಡು ತಾಸಿಗಿಂತ ಕಡಿಮಿ ಆಡಿದ್ರ ರೊಕ್ಕ ವಾಪಸ್. ಎಪಿಕ್ ಅನ್ನೋ ಇನ್ನೊಂದು ಅಂಥಾ ಅಂಗಡಿಯವರು ಪುಕಟ ಗೇಮೂ ಕೊಡ್ತಿರ್ತಾರ.

ಪಿಸಿ ಬ್ಯಾರೆ ಯಾವ್ದೂ ಕೊಡದ ಒಂದನ್ನ ಕೊಡ್ತೈತಿ, ಗೇಮ್ ಮಾಡೋದು. ಧಾರವಾಡ ಸಪ್ತಾಪುರದಿಂದ ಒಬ್ಬರು ಮಗಳಿಗೆ ಇಂಥಾ ಪಿಸಿ ಒಯ್ದಿದ್ರು, ನಾ ಅದರಾಗ ಗೇಮ್ ಮಾಡಾಕ ಕಲಿಸೋ ಸ್ಕ್ರ್ಯಾಚ್ ಅನ್ನೋ ಸಾಫ್ಟ್‌ವೇರ್ ಹಾಕಿ ಕೊಟ್ಟಿದ್ದೆ, ಅಮೆರಿಕಾದ ಎಂಐಟಿ ವಿಶ್ವವಿದ್ಯಾಲಯದವರು ಹುಡುಗೂರ ಸಲುವಾಗಿ 2007ರಾಗ ತಂದದ್ದು, ಪುಕಟ. ಮೂರು ತಿಂಗಳ ಬಿಟ್ಟು ಕೀಬೋರ್ಡ್ ರಿಪೇರಿಗೆ ಬಂದಾಗ ಆ ಹುಡುಗಿ ತಾನ ಮಾಡಿದ ಗೇಮ್ ತೋರಿಸಿದ್ಲು: ಮ್ಯಾಲಿಂದ ಮಿರ್ಚಿಭಜಿ ಬೀಳ್ತಾವ, ಕೆಳಗ ಬೆಕ್ಕು ಬುಟ್ಟಿ ಹಿಡ್ಕೊಂಡು ಓಡ್ತೈತಿ, ಹತ್ತು ಹಿಡದ್ರ ಒಂದು ಗಿರ್ಮಿಟ್. ಕೀಬೋರ್ಡಿನ ಎಡ-ಬಲ ಬಾಣದ ಬಟನ್ ಎರಡೂ ಸವದು ಗುರ್ತು ಹೋಗಿತ್ತು.

ಗೇಮಿಂಗ್ ಪಾರ್ಲರು

ವಿದ್ಯಾನಗರ, ಕೇಶ್ವಾಪುರ, ಕಾಲೇಜಿನ ಆಜೂಬಾಜೂ ಈಗ ಇಂಥಾವು ಆಗ್ಯಾವ. ತಾಸಿಗೆ ಇಷ್ಟು ಅಂತ ಕೊಟ್ಟು ಆಡಿ ಎದ್ದು ಬರೋದು. ವಾರಕ್ಕ ಒಮ್ಮೆ ಆಡಾಂವಗ ಮನಿಗೆ ಮಷೀನು ತರೋ ಅವಶ್ಯಕತಾನ ಇಲ್ಲ, ಗೆಳೆಯಾರ ಜೋಡಿ ಮುಖಾ ನೋಡ್ಕೋಂತ ಆಡ್ತಾರ, ಟೈಮ್ ಮುಗದ್ರ ಮುಗೀತು. ಕೊಡಸೂಕಿಂತ ಮೊದ್ಲ ಎರಡು ವಾರ ಇಲ್ಲೆ ಆಡಿಸಿ ಹುಡುಗಗ ಖರೇನ ಹಿಡಸ್ತೈತೋ ನೋಡಾಕೂ ಇದು ಚೊಲೋ. ಆದ್ರ ಒಮ್ಮೆ ನೀವ ಒಳಗ ಹೋಗಿ ಬರ್ರಿ, ಎಂಥಾ ಮಂದಿ, ಎಷ್ಟಕ್ಕ ಬಂದ್ ಮಾಡ್ತಾರ, ಸಾಲಿ ಡ್ರೆಸ್ಸಿನ್ಯಾಗ ಬಂದವರನ್ನ ಒಳಗ ಬಿಡ್ತಾರೋ ಅಂತ.

ಬ್ಯಾನ್ ಆಗ್ತೈತಿ ಅಂತ ಕಾಯೋರಿಗೆ

ಕೆಲವರು ಸರ್ಕಾರ ಎಲ್ಲಾ ಬಂದ್ ಮಾಡ್ತೈತಿ, ಆಮ್ಯಾಲ ನೋಡಿದ್ರಾತು ಅಂತಾರ. 2020ರ ಜೂನ್‌ನ್ಯಾಗ ಟಿಕ್‌ಟಾಕ್ ಹೋತು, ರೀಲ್ಸ್ ಬಂತು. ಅದ ಸೆಪ್ಟೆಂಬರ್‌ನ್ಯಾಗ ಪಬ್‌ಜಿ ಹೋತು, 2021ರ ಜುಲೈದಾಗ ಅದರ ಭಾರತದ ರೂಪ ಬಿಜಿಎಂಐ ಬಂತು. 2022ರ ಫೆಬ್ರುವರಿದಾಗ ಫ್ರೀ ಫೈರ್ ಹೋತು, ಅದರದ ಇನ್ನೊಂದು ರೂಪ ಫ್ರೀ ಫೈರ್ ಮ್ಯಾಕ್ಸ್ ಉಳೀತು. ಆಸ್ಟ್ರೇಲಿಯಾದಾಗ 2025ರ ಡಿಸೆಂಬರ್‌ನಿಂದ 16ರ ಒಳಗಿನವರಿಗೆ ಸೋಶಿಯಲ್ ಮೀಡಿಯಾ ಅಕೌಂಟ್ ಬಂದ್ ಮಾಡ್ಯಾರ, ಆದ್ರ ನಿಮ್ಮ ಹುಡುಗ ಈ ಸೂಟ್ಯಾಗ ಏನ್ ಮಾಡ್ಬೇಕು ಅನ್ನೋದು ನೀವ ನೋಡೋ ಮಾತು. ಬಂದ್ ಆಗಿದ್ದು ಚೊಲೋ ಆತು ಅಂತ ನಾ ಮನಸಾರೆ ಅನ್ನೋದು ಒಂದ, ರೊಕ್ಕ ಹಚ್ಚಿ ಆಡೋ ರಮ್ಮಿ, ಫ್ಯಾಂಟಸಿ ಆಟಗಳು. 2025ರ ಆಗಸ್ಟ್‌ನ್ಯಾಗ ಸಂಸತ್ತು ಕಾಯ್ದೆ ಮಾಡ್ತು, ಅಂಥಾದ್ದನ್ನ ನಡಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ, ಜಾಹೀರಾತು ಕೊಡೂದೂ ಅಪರಾಧ. ಇನ್ನೂ ಯಾರರ ಟೆಲಿಗ್ರಾಮ್ ಲಿಂಕ್ ಕಳಿಸಿ "ಆಡು, ರೊಕ್ಕ ಗಳಸು" ಅಂದ್ರ ಅದು ಮೋಸ, ರೊಕ್ಕ ಹೋಗಿದ್ರ ತಡಾ ಮಾಡದ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚರಿ.

ಯಾರಿಗೆ ಯಾವ್ದು

ಕೈಯಾಗ 2-3 ಸಾವಿರ ಅಷ್ಟ ಇದ್ರ ಹೊಸಾದೇನೂ ತರಬ್ಯಾಡ್ರಿ, ಹಳೇ ಫೋನು, ಸಿಮ್ ಇಲ್ದ, ಫ್ಯಾಮಿಲಿ ಲಿಂಕ್ ಹಾಕಿ, ವಾರಕ್ಕೊಮ್ಮೆ ಪಾರ್ಲರು. 20-25 ಸಾವಿರ ಐತಿ, ಇಬ್ಬರು ಹುಡುಗೂರು, ಸಣ್ಣ ವಯಸ್ಸು, ಮನ್ಯಾಗ ಹಿರ್‍ಯಾರು ಇರ್ತಾರ ಅಂದ್ರ ಸೆಕೆಂಡ್ ಹ್ಯಾಂಡ್ ಕನ್ಸೋಲು, ಎರಡು ರಿಮೋಟು. ಅಷ್ಟ ರೊಕ್ಕ, ಹುಡುಗ ಹೈಸ್ಕೂಲು, ಕೈಯಾಗ ಏನರ ಮಾಡೋ ಹುಚ್ಚು ಐತಿ ಅಂದ್ರ ಪಿಸಿ, ಅದೂ ಪಡಸಾಲ್ಯಾಗ. 50ರ ಮ್ಯಾಲ ಹಾಕೋ ಶಕ್ತಿ ಇದ್ರ ಡಿಸ್ಕಿನ ಪಿಎಸ್5, ಡಿಸ್ಕ್ ಇಲ್ಲದ್ದು ಬ್ಯಾಡ. ಅಪ್ಪ ಅವ್ವ ಇಬ್ಬರೂ ಸಂಜಿ ಏಳರತನಾ ಡ್ಯೂಟಿ, ಮನ್ಯಾಗ ಹುಡುಗ ಒಬ್ಬನ ಇರ್ತಾನ ಅಂದ್ರ ಯಾವ್ದ ತಂದ್ರೂ ಮೊದ್ಲ ಟೈಮ್ ಲಾಕ್ ಹಾಕಿಸಿಕೊಂಡ ಒಯ್ಯರಿ. ಪಿಯುಸಿ ಎರಡನೇ ವರ್ಷ, ಸಿಇಟಿ ನೀಟ್ ತಲಿ ಮ್ಯಾಲ ಇದ್ರ ಒಂದ ವರ್ಷ ತಡೀರಿ, ಇದನ್ನ ಹುಡುಗನ್ನ ಮುಂದ ಕುಂದರ್ಸಿ ಮಾತಾಡಿನ ತಡೀರಿ.

ಒಂದು ಪರಿಸ್ಥಿತ್ಯಾಗ ಮಾತ್ರ ಇದ್ಯಾವ್ದೂ ಕೊಡಸಬ್ಯಾಡ್ರಿ. ಹುಡುಗ ಆಟ ನಿಲ್ಲಸಾಕ ಆಗವಲ್ದು, ಊಟ ನಿದ್ದಿ ಸಾಲಿ ಎಲ್ಲಾ ಹಿಂದ ಬಿದ್ದೈತಿ, ಹಾಳಾಗಾಕತ್ತೈತಿ ಅಂತ ಗೊತ್ತಿದ್ರೂ ಬಿಡವಲ್ಲ ಅಂದ್ರ ಅದು ಸಾಮಾನು ಬದಲಿ ಮಾಡಿದ್ರ ಹೋಗೋದಲ್ಲ. ವಿಶ್ವ ಆರೋಗ್ಯ ಸಂಸ್ಥೆಯವರು ಇದನ್ನ ಗೇಮಿಂಗ್ ಡಿಸಾರ್ಡರ್ ಅಂತ ರೋಗದ ಪಟ್ಟಿಗೆ ಸೇರಿಸ್ಯಾರ, 2022ರ ಜನವರಿಯಿಂದ ಆ ಪಟ್ಟಿ ಜಾರ್‍ಯಾಗೈತಿ, ಸಾಮಾನ್ಯವಾಗಿ 12 ತಿಂಗಳ ಹಿಂಗ ಇದ್ರ ಹಂಗ ಅಂತಾರ. ಅಷ್ಟು ದಿನ ಕಾಯೋ ಅವಶ್ಯಕತಾ ಇಲ್ಲ, ನಮ್ಮ ಧಾರವಾಡದಾಗ ಡಿಮ್ಹಾನ್ಸ್ ಅನ್ನೋ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರಿ ಐತಿ, ಹೋಗಿ ತೋರಸ್ರಿ, ಇಲ್ಲಾ ಮನ್ಯಾಗ ಕುಂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕ ಫೋನ್ ಮಾಡ್ರಿ, ಪುಕಟ. ಅಲ್ಲಿ ಹೋದ್ರ ಮಂದಿ ಏನಂತಾರೋ ಅನ್ನೋದನ್ನ ಬಿಡ್ರಿ, ಹುಡುಗ ಮುಖ್ಯ.

ತಗೊಳ್ಳಾಕ ಬರುವಾಗ ಹುಡುಗನ್ನೂ ಕರ್ಕೊಂಡ ಬರ್ರಿ, ಅವ ಈಗ ಆಡೋ ಗೇಮನ್ನ ನಿಮ್ಮ ಮುಂದ ಹತ್ತು ನಿಮಿಷ ಆಡಿ ತೋರಸ್ಲಿ. ಕನ್ಸೋಲ್ ಅಂತಾದ್ರ ಟಿವಿ ಹಿಂದಿನ ಫೋಟೋ ಹೊಡ್ಕೊಂಡ ಬರ್ರಿ, ಎಚ್‌ಡಿಎಂಐ ಪೋರ್ಟ್ ಒಂದ ಇದ್ದು ಅದರಾಗ ಸೆಟ್‌ಟಾಪ್ ಬಾಕ್ಸ್ ಕುಂತಿದ್ರ ಇನ್ನೊಂದು ಸ್ವಿಚ್ಚರ್ ಬೇಕಾಗ್ತೈತಿ.